ಕಂದಾಚಾರದ ಮನೆತನ: ಮೈಸೂರು ಸೀಮೆಯಲ್ಲಿ ದಂಡಿನ ಸೇವೆಯೂ ಒಕ್ಕಲುತನವೂ

ಮುತ್ತಜ್ಜನ ಕಾಲದವರೊಬ್ಬರು ‘ಅರಸರ ದಂಡಿನಲ್ಲಿದ್ದರು’ ಎಂಬ ಮಾತು ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿದೆ. ಇದರ ಬೆನ್ನು ಹತ್ತಿದವರು ಸಾಮಾನ್ಯವಾಗಿ ಮೊದಲು ಹುಡುಕುವುದು ಸೈನ್ಯದ ಪಟ್ಟಿಗಳನ್ನು. 1918ರಲ್ಲಿ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್‌ನಂಥ ದಳದಲ್ಲಿದ್ದವರ ಮಟ್ಟಿಗೆ ಆ ದಾರಿ ಸರಿ. ಅದಕ್ಕೂ ನೂರು ವರ್ಷ ಹಿಂದೆ ಹಳ್ಳಿಯಲ್ಲೇ ಇದ್ದು, ಕರೆ ಬಂದಾಗ ಭರ್ಜಿಯನ್ನೋ ಬಂದೂಕನ್ನೋ ಹಿಡಿದು ಹೊರಡುತ್ತಿದ್ದ ಕಂದಾಚಾರದ ಆಳಿನ ಮಟ್ಟಿಗೆ ಮಾತ್ರ ಆ ದಾರಿ ತಪ್ಪು. ಕಂದಾಚಾರವೆಂದರೆ ಇಲ್ಲಿ ಇಂದಿನವರು ಬೈಯಲು ಬಳಸುವ ಮಾತಲ್ಲ, ಮೈಸೂರು ಸಂಸ್ಥಾನದ ನಾಡಪಡೆಯ ಹೆಸರು. ಆ ಪಡೆಯಲ್ಲಿ ಸರ್ಕಾರಕ್ಕೆ ಋಣಿಯಾಗಿದ್ದುದು ಒಬ್ಬ ಗಂಡಾಳು ಮಾತ್ರವಲ್ಲ, ಅವನ ಇಡೀ ಮನೆ. ಆದ್ದರಿಂದ ಅವನ ಸೇವೆಯ ದಾಖಲೆಯನ್ನು ದಂಡಿನ ಕಾಗದಗಳಿಗಿಂತ ಜಮೀನಿನ ಕಾಗದಗಳಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಾದ.

ಚಿಕ್ಕದೇವರಾಜ ಒಡೆಯರ (1673–1704) ಹದಿನೆಂಟು ಚಾವಡಿಗಳ ಆಡಳಿತ ‘ಅಠಾರಾ ಕಚೇರಿ’ ಎಂದೇ ಪ್ರಸಿದ್ಧ. ಅದರಲ್ಲಿ ಕಂದಾಚಾರಕ್ಕೆ ಒಂದಲ್ಲ, ಎರಡು ಚಾವಡಿಗಳಿದ್ದವು: ಸೀಮೆಯ ಕಂದಾಚಾರ ಮತ್ತು ಬಾಗಿಲ ಕಂದಾಚಾರ. ಎರಡನೆಯದು ರಾಜಧಾನಿಯ ಪಡೆಯ ಲೆಕ್ಕ, ಮೊದಲನೆಯದು ಸೀಮೆಯಲ್ಲಿ ಹರಡಿಕೊಂಡ ಆಳುಗಳ ಲೆಕ್ಕ. ಇದನ್ನು ಬರಿಯ ಕಚೇರಿಯ ಅನುಕೂಲವೆಂದು ತಳ್ಳಿಹಾಕಬಹುದು. ಆದರೆ ಪಡೆ ಒಂದೇ ಬಗೆಯದಾಗಿದ್ದರೆ ಎರಡು ಲೆಕ್ಕ ಬೇಕಿರಲಿಲ್ಲ. ಅರಮನೆಯ ಬಾಗಿಲಲ್ಲಿ ನಿಂತವನಿಗೆ ಸಂಬಳ ಎಣಿಸಿ ಕೊಟ್ಟರೆ ವ್ಯವಹಾರ ಮುಗಿಯಿತು. ಸೀಮೆಯ ಆಳಿನ ವ್ಯವಹಾರ ಅಷ್ಟಕ್ಕೆ ಮುಗಿಯದು. ಅವನು ಯಾವ ಊರಿನವನು, ಎಷ್ಟು ಹೊಲ ಮಾಡುತ್ತಾನೆ, ಅವನು ಸತ್ತರೆ ಆ ಹೊಲದ ಜೊತೆ ಸೇವೆ ಯಾರಿಗೆ ಹೋಗುತ್ತದೆ ಎಂಬುದೆಲ್ಲ ತಿಳಿದಿರಬೇಕು.

ಈ ವ್ಯವಸ್ಥೆ ನಿಚ್ಚಳವಾಗಿ ಕಾಣಿಸುವುದು 1799ರ ನಂತರ. ಆ ವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಜೂನ್ 30ರಂದು ಸುಮಾರು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು, ಆಡಳಿತ ದಿವಾನ್ ಪೂರ್ಣಯ್ಯನವರ ಕೈಗೆ ಬಂತು. ಪೂರ್ಣಯ್ಯನವರ ಮುಂದಿದ್ದ ಕಷ್ಟ ಚಿಕ್ಕದಲ್ಲ. ಟಿಪ್ಪುವಿನ ಸೈನ್ಯ ಚದುರಿತ್ತು. ಆಯುಧ ಹಿಡಿಯುವುದನ್ನೇ ಕಸುಬಾಗಿ ಮಾಡಿಕೊಂಡ ಸಾವಿರಾರು ಮಂದಿ ಕೆಲಸವಿಲ್ಲದೆ ಊರುಗಳಿಗೆ ಮರಳಿದ್ದರು. ಅಂಥವರನ್ನು ಸೇರಿಸಿಕೊಂಡು ಬಂಡೆದ್ದ ಧೋಂಡಿಯ ವಾಘ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಡಿದ್ದು, ಕಡೆಗೆ 1800ರ ಸೆಪ್ಟೆಂಬರಿನಲ್ಲಿ ಕಾಳಗದಲ್ಲಿ ಸತ್ತದ್ದು ಎಲ್ಲರಿಗೂ ಗೊತ್ತಿರುವ ಕಥೆ. ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಮೈಸೂರಿನ ಆಡಳಿತದ ಮೇಲೆ ಬರೆದ ವರದಿಯಲ್ಲಿ ಪೂರ್ಣಯ್ಯನವರ ಉಪಾಯ ದಾಖಲಾಗಿದೆ. ತಲೆತಲಾಂತರದಿಂದ ಕಂದಾಚಾರದಲ್ಲಿದ್ದ ಮನೆತನಗಳಿಂದ ಸುಮಾರು 20,000 ಆಳುಗಳನ್ನು ಅವರವರ ಊರಿನಲ್ಲೇ ಇರಿಸಿಕೊಳ್ಳಲಾಯಿತು. ಅವರಿಗೆ ಸಾಗುವಳಿಗೆ ಭೂಮಿ, ಮೇಲೊಂದಿಷ್ಟು ಸಂಬಳ, ಊರು ಬಿಟ್ಟು ಸೇವೆಗೆ ಹೊರಟಾಗ ಪ್ರತ್ಯೇಕ ಭತ್ಯೆ ನಿಗದಿಯಾಯಿತು. ಖಜಾನೆಯ ದೃಷ್ಟಿಯಿಂದ ಇದು ಅಗ್ಗದ ಸೈನ್ಯ. ಬ್ರಿಟಿಷರಿಗೆ ವರ್ಷಕ್ಕೆ ಏಳು ಲಕ್ಷ ವರಹ ಕಪ್ಪ ಕಟ್ಟಬೇಕಿದ್ದ ಸಂಸ್ಥಾನ 20,000 ಜನರಿಗೆ ಪೂರ್ತಿ ಸಂಬಳ ಕೊಡಲು ಹೊರಟಿದ್ದರೆ ಖಜಾನೆಗೆ ಅದು ಭಾರವಾಗುತ್ತಿತ್ತು. ಪೂರ್ಣಯ್ಯನವರ ಜಾಣತನವನ್ನು ಹೊಗಳುವವರು ಈ ಅಗ್ಗದ ಬೆಲೆಯ ಉಳಿದ ಭಾಗವನ್ನು ತೆತ್ತವರು ಯಾರೆಂದು ಕೇಳುವುದು ಕಡಿಮೆ.

ಅದನ್ನು ತೆತ್ತದ್ದು ಮನೆಯವರು. ಸಂಬಳ ಸಣ್ಣದಾಗಿ, ಭೂಮಿಯೇ ಮುಖ್ಯ ಪ್ರತಿಫಲವಾಗಿದ್ದಾಗ, ಸೇವೆಗೆ ಹೋದವನ ಅನ್ನ ಹುಟ್ಟುವುದು ಹಿಂದೆ ಉಳಿದವರ ದುಡಿಮೆಯಿಂದ. ಮೈಸೂರಿನ ಸುತ್ತಿನ ಹೊಲಗಳಲ್ಲಿ ಹೈನು ರಾಗಿ ಬಿತ್ತುವುದು ಆಷಾಢ–ಶ್ರಾವಣದಲ್ಲಿ, ಕೊಯ್ಯುವುದು ಕಾರ್ತಿಕ–ಮಾರ್ಗಶಿರದಲ್ಲಿ. ನಡುವೆ ಎಡೆಕುಂಟೆ ಹೊಡೆಯಬೇಕು, ಕಳೆ ಕೀಳಬೇಕು, ತೆನೆಗೆ ಬಂದ ಮೇಲೆ ಹಕ್ಕಿ ಕಾಯಬೇಕು. ಕೊಯ್ದದ್ದನ್ನು ಮೆದೆ ಒಟ್ಟಿ, ಕಣ ಮಾಡಿ, ಗುಂಡು ಹೊಡೆಸಿ, ತೂರಿ ಮನೆಗೆ ತರುವ ತನಕ ಕೈಗಳಿಗೆ ಬಿಡುವಿಲ್ಲ. ಇತ್ತ ದಂಡು ಹೊರಡುವ ಕಾಲವೆಂದರೆ ಮಳೆ ನಿಂತು, ಹೊಳೆ ಇಳಿದು, ದಾರಿ ಒಣಗಿದ ಮೇಲೆ, ಅಂದರೆ ಮಹಾನವಮಿ ಕಳೆದ ಮೇಲೆ. ಆಯುಧಪೂಜೆಯಲ್ಲಿ ಕತ್ತಿಗೆ ಕುಂಕುಮವಿಟ್ಟ ಕೆಲವೇ ವಾರಗಳಲ್ಲಿ ಕುಡುಗೋಲಿಗೆ ಕೆಲಸ ಬರುತ್ತದೆ. ಎರಡೂ ಕರೆಗಳು ಒಂದೇ ಗಂಡಸಿಗೆ ಒಟ್ಟಿಗೆ ಬಂದರೆ ಕತ್ತಿಯ ಕರೆಗೆ ಅವನು ಹೋಗುತ್ತಾನೆ, ಕುಡುಗೋಲು ಹೆಂಡತಿ, ತಮ್ಮ, ಮುದಿ ತಂದೆಯ ಪಾಲಿಗೆ ಬರುತ್ತದೆ. ಇದು ಯಾವ ಪತ್ರದಲ್ಲೂ ಬರೆದ ಮಾತಲ್ಲ, ಬೆಳೆಯ ಪಂಚಾಂಗವನ್ನೂ ದಂಡಿನ ಪಂಚಾಂಗವನ್ನೂ ಪಕ್ಕಪಕ್ಕ ಇಟ್ಟಾಗ ಹೊರಡುವ ತೀರ್ಮಾನ. ತುಂಬು ಮನೆಯವನು ನಾಡಪಡೆಯಲ್ಲಿ ಬಾಳಿಕೆ ಬರುತ್ತಿದ್ದ, ಒಂಟಿ ಗಂಡಸಿಗೆ ಆ ಭೂಮಿ ವರವೂ ಹೌದು, ಉರುಳೂ ಹೌದು.

ಸೇವೆಗೆ ಭೂಮಿ, ಭೂಮಿಗೆ ಮನೆತನ ಎಂಬ ಕಟ್ಟು ಕನ್ನಡನಾಡಿನಲ್ಲಿ ಹೊಸದಲ್ಲ. ಹಲ್ಮಿಡಿ ಶಾಸನವೇ ಕಾದಿ ಗೆದ್ದವನಿಗೆ ಕೊಟ್ಟ ಬಾಳ್ಗಳ್ಚು ಎಂಬ ಭೂದಾನದ ದಾಖಲೆ. ತುರುಗೋಳಿನಲ್ಲಿ, ಊರಳಿವಿನಲ್ಲಿ ಸತ್ತವನ ಹೆಸರಿನಲ್ಲಿ ಕಲ್ಲು ನಿಲ್ಲಿಸಿ, ಬದುಕುಳಿದ ಮನೆಯವರಿಗೆ ಕಲ್ನಾಡು, ನೆತ್ತರುಗೊಡಗೆ ಎಂಬ ದತ್ತಿಭೂಮಿ ಬಿಟ್ಟ ಉದಾಹರಣೆಗಳು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಧಾರಾಳವಾಗಿವೆ. ವೀರಗಲ್ಲಿನ ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಮನೆಯ ಚರಿತ್ರೆ ಇರುವುದು ಪಟ್ಟಿಗಳ ನಡುವಿನ ಅಂಚಿನ ಅಕ್ಷರಗಳಲ್ಲಿ, ಯಾರ ಮಗ, ಯಾರು ಕಲ್ಲು ನಿಲ್ಲಿಸಿದರು, ಎಷ್ಟು ಗದ್ದೆ ಬಿಟ್ಟರು ಎಂಬಲ್ಲಿ. ಇಲ್ಲೊಂದು ಆಕ್ಷೇಪಕ್ಕೆ ಎಡೆಯಿದೆ: ಗಂಗರ ಕಾಲದ ಕಲ್ಲಿಗೂ ಪೂರ್ಣಯ್ಯನವರ ಕಾಲದ ಆಳಿಗೂ ಸಾವಿರ ವರ್ಷದ ಅಂತರವಿದೆ, ಒಂದನ್ನು ಇನ್ನೊಂದಕ್ಕೆ ಸಾಕ್ಷಿ ಮಾಡುವುದು ಸಲ್ಲದು. ಒಪ್ಪತಕ್ಕ ಮಾತು. ಅದೇ ಮನೆತನಗಳು, ಅದೇ ಹಕ್ಕುಗಳು ಮುಂದುವರಿದವೆಂದು ನಾನು ಹೇಳುತ್ತಿಲ್ಲ. ಎರಡು ಬೇರೆ ಕಾಲದ ಆಳರಸರು, ರೊಕ್ಕ ಕಡಿಮೆಯಿದ್ದು ಭೂಮಿ ಹೆಚ್ಚಿದ್ದಾಗ ಒಂದೇ ಪರಿಹಾರಕ್ಕೆ ಬಂದರು ಎಂಬಷ್ಟೇ ನನ್ನ ವಾದ. ವ್ಯತ್ಯಾಸವೂ ದೊಡ್ಡದೇ: ನೆತ್ತರುಗೊಡಗೆ ಸತ್ತವನಿಗಾಗಿ, ಕಂದಾಚಾರದ ಭೂಮಿ ಬದುಕಿದ್ದು ಕರೆಗೆ ಬರುವವನಿಗಾಗಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹೈದರ್–ಟಿಪ್ಪು ಆಳ್ವಿಕೆಯ ಕಡೆಯಿಂದ ಬರುತ್ತದೆ. ಕವಾಯತು ಕಲಿತು ಸಂಬಳಕ್ಕೆ ನಿಂತ ಸೈನ್ಯವನ್ನು ಅವರು ಕಟ್ಟಿದ ಮೇಲೆ ಹಳ್ಳಿಯ ಪಡೆ ಹೆಸರಿಗಷ್ಟೇ ಉಳಿದಿತ್ತು, ಪೂರ್ಣಯ್ಯನವರ ಕಂದಾಚಾರ ಸೈನ್ಯವೇ ಅಲ್ಲ, ಕಾವಲುಗಾರರ ಗುಂಪು ಎನ್ನಬಹುದು. ಕಾವಲಿನ ಮಾತು ಅರ್ಧ ನಿಜ. ಬ್ರಿಟಿಷರ ರಕ್ಷಣೆಗೆ ಒಳಪಟ್ಟ ಸಂಸ್ಥಾನಕ್ಕೆ ಹೊರಗಿನ ಶತ್ರು ಉಳಿದಿರಲಿಲ್ಲ. 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರ ಕೈ ಸೇರಿದ ಮೇಲಂತೂ ಕಿಲ್ಲೇದಾರ, ಹೋಬಳಿದಾರ, ದಫೇದಾರರ ಕೆಳಗೆ ಈ ಆಳುಗಳು ತಾಲ್ಲೂಕಿನ ಪೊಲೀಸರೇ ಆದರು. ಆದರೆ ಹಳ್ಳಿಯ ಪಡೆ ಸತ್ತೇಹೋಗಿದ್ದರೆ, ಶ್ರೀರಂಗಪಟ್ಟಣ ಬಿದ್ದ ಕೆಲವೇ ವರ್ಷಗಳಲ್ಲಿ 20,000 ಆಳುಗಳನ್ನು ಪೂರ್ಣಯ್ಯನವರು ಹಳೆಯ ಮನೆತನಗಳಿಂದಲೇ ಆರಿಸುವುದು ಸಾಧ್ಯವಿರಲಿಲ್ಲ. ಕವಾಯತಿನ ಸೈನ್ಯ ಒಡೆದಾಗ ಉಳಿದದ್ದು ಹೊಲಕ್ಕೆ ಬೇರೂರಿದ್ದ ಪಡೆ. ಪೊಲೀಸ್ ಕೆಲಸವಾದರೂ ಸೇವೆಯ ಸ್ವರೂಪ ಬದಲಾಗಲಿಲ್ಲ: ಕರೆ ಬಂದಾಗ ಹೋಗುವವನು ಒಬ್ಬ, ಹೊಲ ಕಾಯುವವರು ಉಳಿದವರು.

ಹಾಗಾಗಿ ಹುಡುಕುವವರಿಗೆ ದಾರಿ ತಾಲ್ಲೂಕು ಕಚೇರಿಯ ಕಡೆಗೇ ಹೊರಳುತ್ತದೆ. 1860ರ ದಶಕದಲ್ಲಿ, ಬೌರಿಂಗ್ ಕಮಿಷನರ್ ಆಗಿದ್ದಾಗ, ಮೈಸೂರಿನಲ್ಲಿ ಭೂಮಾಪನವೂ ಇನಾಮುಗಳ ವಿಚಾರಣೆಯೂ ಶುರುವಾದವು. ಭೂಮಿಯನ್ನು ಯಾರು ಕೊಟ್ಟರು, ಯಾವ ಸೇವೆಗೆ, ಈಗ ಯಾರ ವಶದಲ್ಲಿದೆ ಎಂದು ಸರ್ಕಾರವೇ ಕೇಳಿ ಬರೆಸಿಕೊಂಡ ಕಾಲವದು. ಮುಂದೆ 1954ರ ಇನಾಂ ರದ್ದತಿ ಕಾಯ್ದೆ, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದಾಗ ಉಳಿದಿದ್ದ ಸೇವಾಭೂಮಿಗಳು ಮತ್ತೊಮ್ಮೆ ಕಾಗದಕ್ಕೆ ಇಳಿದವು. ಮನೆಯ ಹೆಸರಿನಲ್ಲಿ ‘ದಫೇದಾರ’, ‘ಹೋಬಳಿದಾರ’ ಇದ್ದಮಾತ್ರಕ್ಕೆ ನಂಬುವಂತಿಲ್ಲ, ದಫೇದಾರನೆಂಬ ಬಿರುದು ಲ್ಯಾನ್ಸರ್ಸ್‌ನಿಂದಲೂ ಬರಬಹುದು, ಅರಮನೆಯ ಜವಾನಿಕೆಯಿಂದಲೂ ಬರಬಹುದು. ಹೆಸರಿನ ಜೊತೆಗೆ ಸರ್ವೆ ನಂಬರಿನ ಹಿಂದಿನ ಹಕ್ಕೂ ಹೊಂದಿಕೆಯಾಗಬೇಕು. ಕುಂಬಾರಕೊಪ್ಪಲಿನಂತೆ ಮೈಸೂರು ನಗರದೊಳಕ್ಕೆ ಸೇರಿದ ಊರುಗಳಲ್ಲಿ ಹೊಲ ಹೋಗಿ ಬಡಾವಣೆ ಬಂದಿದ್ದರೂ, ಸೈಟುಗಳ ಮೂಲಪತ್ರದಲ್ಲಿ ಹಳೆಯ ಸರ್ವೆ ನಂಬರು ಇರುತ್ತದೆ. ಅಲ್ಲಿಂದ ಕೈಬರಹದ ಪಹಣಿಗೆ, ಪಹಣಿಯಿಂದ ಇನಾಂ ರಿಜಿಸ್ಟರಿಗೆ ಹಿಂದಕ್ಕೆ ಹೋಗಬಹುದು. ಅಲ್ಲಿ ಸಿಗುವುದು ಸಾಮಾನ್ಯವಾಗಿ ಗಂಡಸರ ಹೆಸರು. ಗಂಡ ಸತ್ತು ಮಗ ಇನ್ನೂ ಚಿಕ್ಕವನಿದ್ದಾಗ ಮಾತ್ರ ಹೆಂಗಸಿನ ಹೆಸರು ಖಾತೆಗೆ ಬರುವುದುಂಟು. ಅಂಥ ಸಾಲು ಕಂಡರೆ ಅದನ್ನು ದಾಟಿ ಮುಂದೆ ಹೋಗಬಾರದು, ಆ ಹೆಂಗಸಿನ ಗಂಡ ಯಾವ ಸೇವೆಯಲ್ಲಿದ್ದ, ಭೂಮಿ ಅವಳ ಕೈಯಲ್ಲಿ ಎಷ್ಟು ವರ್ಷ ಇತ್ತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.