ಆತಕೂರಿನ ಕಲ್ಲು ಮತ್ತು ದಾರಿಯ ಗೆಳೆಯರು

ನಮ್ಮ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೋ, ಗುಡಿಯ ಮಗ್ಗುಲಲ್ಲೋ ವೀರಗಲ್ಲುಗಳು ಕಣ್ಣಿಗೆ ಬೀಳುತ್ತವೆ. ಕೆಳಗಿನ ಅಂಕಣದಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ದನ ಕಾಯಲು ಸತ್ತವನಿಗೂ ಕಲ್ಲುಂಟು, ಊರು ಕಾಯಲು ಸತ್ತವನಿಗೂ ಕಲ್ಲುಂಟು. ಆದರೆ ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದಿರುವುದು ಒಂದು ನಾಯಿಯ ಕಲ್ಲು.

ಅದು ಮದ್ದೂರು ತಾಲ್ಲೂಕಿನ ಆತಗೂರಿನದು. ಶಾಸನದಲ್ಲಿ ಊರಿನ ಹೆಸರು ಆತಕೂರು. ಕಾಲ ಕ್ರಿ.ಶ. 949-50. ಚರಿತ್ರೆ ಬರೆಯುವವರಿಗೆ ಅದು ಮುಖ್ಯವಾದದ್ದು ತಕ್ಕೋಲದ ಯುದ್ಧದ ವಿವರಕ್ಕಾಗಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗರ ಬೂತುಗ ಅಲ್ಲಿ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ವೀರ ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿ ಒಡೆಯನು ಬೇಕಾದದ್ದನ್ನು ಕೇಳೆಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದಿನ ಕಾಡುಹಂದಿಯ ಮೇಲೆ ಬಿತ್ತು. ಕಚ್ಚಾಡಿ ಎರಡೂ ಸತ್ತವು. ಮಣಲೆರ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ನಾಯಿ, ಹಂದಿಗಳು ಕಾದಾಡುವ ಚಿತ್ರವಿರುವ ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮಣಲೆರ ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ. ಅದರ ಪೂಜೆಗೆ ಜಮೀನು ಬಿಟ್ಟ. ಆ ಜಮೀನನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂದು ಬರೆಸಿದ. ಎಂದರೆ, ನೆನಪನ್ನು ಕಲ್ಲಿಗೆ ಒಪ್ಪಿಸಿ ಕೈ ತೊಳೆದುಕೊಳ್ಳದೆ, ಬದುಕಿರುವವನ ದಿನದ ಊಟಕ್ಕೇ ಅದನ್ನು ಕಟ್ಟಿಹಾಕಿದ.

ಈ ಮಾತು ನನಗೆ ಪದೇಪದೇ ನೆನಪಾಗುವುದು ನಮ್ಮ ರಸ್ತೆಗಳಲ್ಲಿ ಮೋಟಾರ್‌ಸೈಕಲ್ ಸವಾರರ ಸಾವುಗಳನ್ನು ಕೇಳಿದಾಗ. ನಮ್ಮ ಕಡೆಗೆ ಮೋಟಾರ್‌ಸೈಕಲಿನ ಹುಚ್ಚು ನಿನ್ನೆ ಮೊನ್ನೆಯದಲ್ಲ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಜೆಕೊಸ್ಲೊವಾಕಿಯಾದಿಂದ ಬಂದ ಜಾವಾ ನಮ್ಮೂರ ಗಾಡಿಯೇ ಆಗಿಹೋಯಿತು. ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂದು ಹೆಸರು ಬದಲಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಿಕ್ಕರ್ರೂ ಗೇರೂ ಒಂದೇ ಸನ್ನೆಯಲ್ಲಿದ್ದ ಆ ಗಾಡಿಯ ಸದ್ದು ಕೇಳಿ ಯಾರ ಮನೆಯವರು ಬಂದರೆಂದು ಬೀದಿಯ ಹೆಂಗಸರು ಒಳಗಿನಿಂದಲೇ ಹೇಳುತ್ತಿದ್ದರು. ಕಾರ್ಖಾನೆ ಮುಚ್ಚಿದರೂ ಗಾಡಿಗಳು ಉಳಿದವು, ಗಾಡಿಗಳ ಜೊತೆಗೆ ಒಂದು ಬಳಗವೂ ಉಳಿಯಿತು. ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಹಿಂದಿನಿಂದ ಬಂದ ಅಪರಿಚಿತ ಯೆಜ್ಡಿಯವನು ಇಳಿದು ಪ್ಲಗ್ ಉಜ್ಜಿಕೊಡುತ್ತಾನೆ. ಜಾತಿ, ಕೆಲಸ ಯಾವುದನ್ನೂ ಕೇಳುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲೂ ಅಂಥದೊಂದು ಗುಂಪಿದೆ. ಭಾನುವಾರ ಮಂಡ್ಯದಿಂದ ಹೊರಟು ಮದ್ದೂರಿನಲ್ಲಿ ವಡೆ ತಿಂದು, ಮಳವಳ್ಳಿ ದಾಟಿ ಗಗನಚುಕ್ಕಿಗೆ ಹೋಗಿ ಬರುವುದು ಅವರ ರೂಢಿ. ಕೆಲವು ವರ್ಷಗಳ ಹಿಂದೆ ಮಳವಳ್ಳಿ ರಸ್ತೆಯಲ್ಲಿ ಅವರಲ್ಲೊಬ್ಬ ತೀರಿಕೊಂಡ. ಊರಿನ ಸರ್ಕಲ್ಲಿನಲ್ಲಿ ಅವನ ಫೋಟೋದ ಫ್ಲೆಕ್ಸ್ ಕಟ್ಟಿದರು. ಬಿಸಿಲಿಗೆ ಬಣ್ಣ ಹಾರಿತು, ಮಳೆಗಾಳಿಗೆ ಹರಿಯಿತು, ಅದರ ಜಾಗಕ್ಕೆ ಇನ್ನಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಬಂತು.

ಆದರೆ ಹುಡುಗರು ಅಲ್ಲಿಗೇ ಬಿಡಲಿಲ್ಲ. ಪ್ರತಿವರ್ಷ ಆ ದಿನ ಆ ತಿರುವಿನಲ್ಲಿ ಗಾಡಿ ಆರಿಸಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಬಳಿಕ ಅವನ ತಾಯಿಯ ಮನೆಗೆ ಹೋಗಿ ಊಟ ಮಾಡುತ್ತಾರೆ. ಹೊರಡುವಾಗ ಆಕೆ ಹೇಳುವುದು ಒಂದೇ ಮಾತು: “ಹುಷಾರಾಗ್ ಹೋಗ್ರಪ್ಪ. ಮನೆ ಮುಟ್ಟುದ್ ಮ್ಯಾಲೆ ಒಬ್ಬೊಬ್ರೂ ಫೋನ್ ಮಾಡ್ರಪ್ಪ.” ಎಲ್ಲರ ಫೋನೂ ಬರುವ ತನಕ ಆಕೆ ರಾತ್ರಿ ಊಟಕ್ಕೆ ಕೂರುವುದಿಲ್ಲವಂತೆ. ಆ ಗುಂಪಿನಲ್ಲಿ ಈಗ ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಯಾರೂ ಗಾಡಿ ಎತ್ತುವುದಿಲ್ಲ. ಹಿಂದೆ ಕೂರುವವರಿಗೂ ಅದೇ ಕಟ್ಟಳೆ. ಆತಕೂರಿನ ಗೊರವನಿಗೆ ಹಾಕಿದ್ದ ಕಟ್ಟೂ ಇಂಥದೇ ಅಲ್ಲವೆ?

ನಮ್ಮ ಕಾಲದಲ್ಲಿ ಕರ್ನಾಟಕ ಸರ್ಕಾರವೇ ಒಬ್ಬ ಸವಾರನಿಗೆ ಇಂಥ ಸ್ಮಾರಕ ಮಾಡಿತು. 2016ರ ಫೆಬ್ರವರಿ 16ರಂದು ಗುಬ್ಬಿ ಕಡೆಯ ತನ್ನ ಊರಿನಿಂದ ಬೆಂಗಳೂರಿಗೆ ಮೋಟಾರ್‌ಸೈಕಲಿನಲ್ಲಿ ಮರಳುತ್ತಿದ್ದ ಹರೀಶ್ ಎಂಬ ಯುವಕ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿದ. ದೇಹ ತುಂಡಾಗಿದ್ದರೂ, ನನ್ನ ಅಂಗಗಳನ್ನು ದಾನ ಮಾಡಿ ಎಂದು ನೆರೆದವರಲ್ಲಿ ಬೇಡಿಕೊಂಡ. ಅವನ ಕಣ್ಣುಗಳನ್ನು ದಾನ ಮಾಡಲಾಯಿತು. ಮರುತಿಂಗಳೇ ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ ಬಂತು: ರಸ್ತೆ ಅಪಘಾತದ ಗಾಯಾಳು ಯಾವ ರಾಜ್ಯದವರಾದರೂ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆ ಉಚಿತವೆಂಬುದು ಆಗಿನ ಕಟ್ಟಳೆಯಾಗಿತ್ತು. ಹರೀಶನ ಹೆಸರನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸದೆ, ಮುಂದೆ ಬೀಳುವವನನ್ನು ಎತ್ತುವ ಕೆಲಸಕ್ಕೆ ಇಟ್ಟರು.

ಬೀಳುವವರಾದರೂ ಎಷ್ಟು ಜನ! ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಆ ಪೈಕಿ 14,337 ಮಂದಿ ಹಿಂದೆ ಕುಳಿತವರು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಗಿ, ಅಪಘಾತಗಳು ಹೆಚ್ಚಿ, ಅದೇ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕುಗಳನ್ನು ನಿಷೇಧಿಸಿದ್ದು ನಮಗೆಲ್ಲ ಗೊತ್ತು. ಆದರೆ ಮಳವಳ್ಳಿಯ ರಸ್ತೆಗೆ, ನಮ್ಮ ಸಂತೆಯ ರಸ್ತೆಗೆ ಅಂಥ ಬೇಲಿ ಇಲ್ಲ.

ಆ 14,337ರ ಲೆಕ್ಕವನ್ನು ನಾನು ವಿಶೇಷವಾಗಿ ಹೆಣ್ಣುಮಕ್ಕಳ ಮುಂದೆ ಇಡುತ್ತೇನೆ. ವೀರಗಲ್ಲಿನ ಪಕ್ಕದಲ್ಲಿ ಕೆಲವೆಡೆ ಮಾಸ್ತಿಕಲ್ಲೂ ಇರುತ್ತದೆ. ಅದರಲ್ಲಿ ಕಾಣುವುದು ಬಳೆ ತೊಟ್ಟು ಮೇಲೆತ್ತಿದ ಒಂದು ತೋಳು. ಗಂಡ ಸತ್ತ ಮೇಲೆ ತಾನೂ ಹೋಗಬೇಕಾದವಳ ತೋಳು ಅದು. ಆ ಕಾಲ ಹೋಯಿತೆಂದು ನೆಮ್ಮದಿಪಡುತ್ತೇವೆ. ಆದರೆ ಮದುವೆ ಮನೆಗೆ ಹೊರಟಾಗ ಗಂಡನ ತಲೆಗೆ ಹೆಲ್ಮೆಟ್ ಹಾಕಿಸಿ, ಮುಡಿದ ಮಲ್ಲಿಗೆ ಮುದುಡೀತೆಂದು ನಾವು ಬರಿದಲೆಯಲ್ಲಿ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಒಂದು ಪಕ್ಕಕ್ಕೆ ಕೂರುತ್ತೇವೆ. 2016ರ ಜನವರಿಯಿಂದಲೇ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಪೊಲೀಸರು ನಿಂತ ಕಡೆ ಮಾತ್ರ ತಲೆಗೇರುವ ಬುಟ್ಟಿಯಂಥ ಟೋಪಿ ಸಾಲದು. ಐಎಸ್‌ಐ ಗುರುತಿನದು ಬೇಕು, ಪಟ್ಟಿ ಬಿಗಿದಿರಬೇಕು.

ರಸ್ತೆಯಲ್ಲಿ ಮಡಿದವರನ್ನು ನೆನೆಯಲು ಜಗತ್ತಿಗೂ ಒಂದು ದಿನವಿದೆ. 1993ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಈ ಆಚರಣೆಯನ್ನು 2005ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡಿತು. ನವೆಂಬರಿನ ಮೂರನೆಯ ಭಾನುವಾರ. ನಮ್ಮ ಶಾಲೆಗಳಲ್ಲಿ, ಮಹಿಳಾ ಸಮಾಜಗಳಲ್ಲಿ ಅಂದು ಊರಿನ ರಸ್ತೆಗಳಲ್ಲಿ ಹೋದವರ ಹೆಸರುಗಳನ್ನು ಒಮ್ಮೆ ಓದಬಹುದು. ಓದಿದ ಮೇಲೆ ಮನೆಗೆ ಹೋಗುವಾಗ ಪ್ರತಿಯೊಬ್ಬರ ತಲೆಯ ಮೇಲೂ ಹೆಲ್ಮೆಟ್ ಇರಬೇಕು. ಹೋದವರಿಗೆ ನಾವು ಸಲ್ಲಿಸಬಹುದಾದ ಪೂಜೆ ಅದು. ಮಣಲೆರನ ಕಲ್ಲಿನದರಂತೆ ದಿನವೂ ತಪ್ಪದೆ ನಡೆಯಬೇಕಾದದ್ದು.