ಭೋಗ್ಯದ ಮನೆ: ಇಲ್ಲಿ ಸಾಲಗಾರ ಯಾರು?

ಬಸವನಗುಡಿ, ಚಾಮರಾಜಪೇಟೆ ಕಡೆ ಮನೆ ಹುಡುಕಿದವರಿಗೆಲ್ಲ ಈ ಬೋರ್ಡ್ ಗೊತ್ತು. ಗೇಟಿಗೆ ತಂತಿಯಲ್ಲಿ ಕಟ್ಟಿದ ರಟ್ಟಿನ ತುಂಡು, ಮೇಲೆ ‘ಮನೆ ಭೋಗ್ಯಕ್ಕಿದೆ’, ಕೆಳಗೊಂದು ಮೊಬೈಲ್ ನಂಬರ್. ಇವತ್ತಿನ ಎಪಿಸೋಡ್ ಆ ರಟ್ಟಿನ ತುಂಡಿನ ಬಗ್ಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ಭೋಗ್ಯ ಅಂದ್ರೆ, ಓನರ್‌ಗೆ ದೊಡ್ಡ ಮೊತ್ತ ಒಟ್ಟಿಗೆ ಕೊಡ್ತೀರಿ. ಆಮೇಲೆ ತಿಂಗಳ ಬಾಡಿಗೆ ಇಲ್ಲ. ಅವಧಿ ಮುಗಿದಾಗ ಕೊಟ್ಟಷ್ಟೇ ಹಣ ವಾಪಸ್. ‘ಲೀಸ್’ ಅಂತಾನೂ ಕರೀತಾರೆ.

ಚಾಮರಾಜಪೇಟೆಯ ಒಂದು ಮನೆಯ ಮಹಡಿಯಲ್ಲಿ ನಾವು ಹೀಗೇ ಒಂಬತ್ತು ವರ್ಷ ಇದ್ವಿ. 2020ರ ಜೂನ್‌ನಲ್ಲಿ ಅಪ್ಪ, ‘ಖಾಲಿ ಮಾಡ್ತೀವಿ, ದುಡ್ಡು ರೆಡಿ ಮಾಡ್ಕೊಳ್ಳಿ’ ಅಂದ್ರು. ಓನರ್ ಅಂಕಲ್ ಸ್ವಲ್ಪ ಹೊತ್ತು ಸುಮ್ನಿದ್ದು, ‘ಹೊಸಬರು ಬರ್ಲಿ ಸಾರ್, ಬಂದ ತಕ್ಷಣ ಕೊಟ್ಬಿಡ್ತೀನಿ’ ಅಂದ್ರು. ಆಗ ಯಾರು ಬರ್ತಾರೆ? ಊರೆಲ್ಲ ಮಾಸ್ಕ್ ಹಾಕ್ಕೊಂಡು ಕೂತಿತ್ತು. ಬಿ.ಕಾಂ. ಓದಿದ್ದ ನನಗೆ ಆವತ್ತು ಹೊಳೆದದ್ದು ಇಷ್ಟು: ಲೆಕ್ಕದ ಪುಸ್ತಕದಲ್ಲಿ ನಾವು ಬಾಡಿಗೆದಾರರೇ ಅಲ್ಲ. ನಾವು ಸಾಲ ಕೊಟ್ಟವರು, ಅವರು ಸಾಲ ತಗೊಂಡವರು.

ಇದು ನಾನು ಕಂಡುಹಿಡಿದದ್ದೇನಲ್ಲ ಬಿಡಿ. ಸುಮಾರು 900 ವರ್ಷಗಳ ಹಿಂದೆ, ಇವತ್ತಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ಅದು ವ್ಯಾಖ್ಯಾನ. ಅಲ್ಲಿ ಅಡವಿನ ಲೆಕ್ಕದಲ್ಲಿ ಎರಡು ಬಗೆ ಬರುತ್ತೆ. ಒಂದು ಗೋಪ್ಯ: ಒತ್ತೆ ಇಟ್ಟ ವಸ್ತುವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು, ಬಳಸೋ ಹಾಗಿಲ್ಲ, ಬಡ್ಡಿ ಬೇರೆ ಬರುತ್ತೆ. ಇನ್ನೊಂದು ಭೋಗ್ಯ: ವಸ್ತುವಿನ ಫಲವನ್ನು ಅನುಭವಿಸಬಹುದು, ಅದೇ ಬಡ್ಡಿ. ಫಲ ಅನುಭವಿಸೋ ಅಡವು ಎಷ್ಟು ಕಾಲ ಆದ್ರೂ ಮಾಲೀಕನ ಕೈತಪ್ಪಿ ಹೋಗಲ್ಲ ಅನ್ನೋದೂ ಯಾಜ್ಞವಲ್ಕ್ಯನ ನಿಯಮವೇ. ಬ್ಯಾಂಕಿನ ಹೋಮ್ ಲೋನ್ ನನಗೆ ಗೋಪ್ಯದ ಮೊಮ್ಮಗನ ಥರ ಕಾಣುತ್ತೆ: ಮನೆ ನಿಮ್ಮ ಕೈಲಿ, ಪತ್ರ ಅವರ ಲಾಕರ್‌ನಲ್ಲಿ, ತಿಂಗಳು ತಿಂಗಳು ಇಎಂಐ.

ಬ್ರಿಟಿಷರು 1882ರಲ್ಲಿ ಆಸ್ತಿ ವರ್ಗಾವಣೆ ಕಾಯ್ದೆ ಮಾಡಿದಾಗ ಅದರ 58ನೇ ಕಲಮಿನಲ್ಲಿ ಹೆಸರಿಸಿದ ಅಡಮಾನದ ಬಗೆಗಳಲ್ಲಿ ಭೋಗ್ಯವೂ ಒಂದು. ಹಣ ತೀರುವವರೆಗೆ ಸ್ವಾಧೀನ ಬಿಟ್ಟುಕೊಡದೆ ಇರೋ ಹಕ್ಕು ಹಣ ಕೊಟ್ಟವನಿಗೆ ಇದೆ. ಆದ್ರೆ ವರ್ಷ ಎಷ್ಟಾದ್ರೂ ಮನೆ ಅವನದಾಗಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಕೂಡ, ಇಂಥ ಅಡಮಾನದಲ್ಲಿ 30 ವರ್ಷ ಕಳೆದ ಮಾತ್ರಕ್ಕೆ ಬಿಡಿಸಿಕೊಳ್ಳುವ ಹಕ್ಕು ಸಾಯಲ್ಲ ಅಂತ ಹೇಳ್ತು. ಕಲ್ಯಾಣದಿಂದ ದೆಹಲಿಗೆ ಎಷ್ಟು ದೂರ ನೋಡಿ.

ಈಗ ನಮ್ಮ ಏರಿಯಾಗೆ ಬರೋಣ. 1892ರ ಹೊತ್ತಿಗೆ ಚಾಮರಾಜಪೇಟೆ. 1898ರಲ್ಲಿ ಪ್ಲೇಗ್ ಬಂದ ಮೇಲೆ ಪೇಟೆಯ ಇಕ್ಕಟ್ಟಿನಿಂದ ಜನ ಹೊರಟು ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡವು. ಸೈಟ್ ಏನೋ ಸಿಕ್ತು, ಕಟ್ಟೋಕೆ ದುಡ್ಡು? 1909ರಲ್ಲಿ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿ ಹುಟ್ಟಿತು. ದೇಶದ ಮೊದಲ ಗೃಹನಿರ್ಮಾಣ ಸಹಕಾರ ಸಂಘ ಅಂತ ಅದನ್ನು ಗುರುತಿಸ್ತಾರೆ. ಹೋಮ್ ಲೋನ್ ಅನ್ನೋದು ಮಧ್ಯಮ ವರ್ಗದ ಮಾತಾಗಿದ್ದು ಬಹಳ ತಡವಾಗಿ: ಎಚ್‌ಡಿಎಫ್‌ಸಿ 1977ರಲ್ಲಿ, ನಮ್ಮ ಬಸವನಗುಡಿಯಲ್ಲೇ ಕಚೇರಿ ಇರೋ ಕ್ಯಾನ್ ಫಿನ್ ಹೋಮ್ಸ್ 1987ರಲ್ಲಿ. ಅದಕ್ಕೂ ಮೊದಲು ನಿವೃತ್ತ ಗುಮಾಸ್ತನೊಬ್ಬ ಮಹಡಿ ಎಬ್ಬಿಸಬೇಕು ಅಂದ್ರೆ ಸೊಸೈಟಿ, ನೆಂಟರು, ಹೆಂಡತಿಯ ಒಡವೆ, ಇಲ್ಲಾಂದ್ರೆ ಭೋಗ್ಯ. ಕೆಳಗೆ ತಾವು, ಮೇಲೆ ಭೋಗ್ಯದವರು. ಎಷ್ಟೋ ಮಹಡಿಗಳ ಇಟ್ಟಿಗೆ ಅಲ್ಲಿ ವಾಸ ಮಾಡಿದವರ ದುಡ್ಡಿನದ್ದೇ.

ಸರಿ, ಎಕಾನಮಿ ಕುಸಿದಾಗ ಇದಕ್ಕೆ ಏನಾಗುತ್ತೆ? ಲೆಕ್ಕ ಹಾಕೋಣ, ಕಷ್ಟ ಇಲ್ಲ. ತಿಂಗಳಿಗೆ 12,000 ಬಾಡಿಗೆ ಬರೋ ಮನೆ, ವರ್ಷಕ್ಕೆ 1,44,000. ಎಫ್‌ಡಿ ಬಡ್ಡಿ ಶೇ 9 ಇದ್ರೆ 16 ಲಕ್ಷ ಭೋಗ್ಯ ಸರಿಹೋಗುತ್ತೆ. ಬಡ್ಡಿ ಶೇ 6ಕ್ಕೆ ಇಳಿದರೆ ಅಷ್ಟೇ ಆದಾಯಕ್ಕೆ 24 ಲಕ್ಷ ಬೇಕು. ಆರ್ಥಿಕತೆ ಸೊರಗಿದಾಗ ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸುತ್ತೆ. 2008ರ ಅಕ್ಟೋಬರ್‌ನಿಂದ 2009ರ ಏಪ್ರಿಲ್ ಒಳಗೆ ರೆಪೊ ದರ ಶೇ 9ರಿಂದ 4.75ಕ್ಕೆ ಬಂತು. 2020ರಲ್ಲಿ ಮಾರ್ಚ್‌ನಿಂದ ಮೇ ಒಳಗೆ 5.15ರಿಂದ 4ಕ್ಕೆ. ಹೋಮ್ ಲೋನ್ ಇದ್ದವರಿಗೆ ಅದು ಸಿಹಿಸುದ್ದಿ. ಭೋಗ್ಯದಲ್ಲಿ ಉಲ್ಟಾ: ಓನರ್‌ಗೆ ಜಾಸ್ತಿ ಮೊತ್ತ ಬೇಕು, ಬರುವವನ ಹತ್ರ ಕೆಲಸವೇ ಇಲ್ಲ.

ಇನ್ನೊಂದು ವಿಷಯ. ಆ ದುಡ್ಡು ಎಫ್‌ಡಿಯಲ್ಲಿ ಇರೋದೇ ಅಪರೂಪ. ಮಗಳ ಮದುವೆಗೋ, ಇನ್ನೊಂದು ಮಹಡಿಗೋ ಹೋಗಿರುತ್ತೆ. ಹಳಬನಿಗೆ ಕೊಡೋದು ಹೊಸಬನ ದುಡ್ಡು. ಬ್ಯಾಂಕಲ್ಲೇ ಇಟ್ಟವರೂ ನಿಶ್ಚಿಂತೆಯಿಂದ ಇರಲಿಲ್ಲ. 2020ರ ಜನವರಿಯಲ್ಲಿ, ಕೋವಿಡ್‌ಗೂ ಮೊದಲೇ, ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ಮೇಲೆ ಆರ್‌ಬಿಐ ನಿರ್ಬಂಧ ಹೇರಿದಾಗ, ಠೇವಣಿದಾರರು ತೆಗೀಬಹುದಾಗಿದ್ದದ್ದು 35,000 ರೂಪಾಯಿ ಮಾತ್ರ.

ಬ್ಯಾಂಕ್ ಸಾಲಕ್ಕೆ ಆ ವರ್ಷ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳ ಮೊರಟೋರಿಯಂ ಸಿಕ್ತು. ಭೋಗ್ಯಕ್ಕೆ ಅಂಥದ್ದು ಯಾರೂ ಘೋಷಿಸಲಿಲ್ಲ. ಓನರ್ ತಾನೇ ಘೋಷಿಸಿಕೊಂಡ! ಅದಕ್ಕೇ ನನಗನ್ನಿಸೋದು, ಈ ಹಳೇ ಬಡಾವಣೆಗಳಲ್ಲಿ ಮಂದಗತಿಯನ್ನು ಸೈಟಿನ ರೇಟಿನಲ್ಲಿ ಹುಡುಕಬಾರದು. ತಾತನ ಸೈಟನ್ನು ನಾಲ್ಕು ಜನ ಅಣ್ಣತಮ್ಮಂದಿರು ಸುಲಭಕ್ಕೆ ಮಾರಲ್ಲ, ರೇಟ್ ಕಾಗದದ ಮೇಲೆ ಹಾಗೇ ನಿಂತಿರುತ್ತೆ. ಕುಸಿತ ಕಾಣೋದು ‘ಮುಂದಿನ ತಿಂಗಳು ಕೊಡ್ತೀನಿ’ ಅನ್ನೋ ಮಾತಿನಲ್ಲಿ.

ದಕ್ಷಿಣ ಕೊರಿಯಾದಲ್ಲೂ ಇದೇ ಪದ್ಧತಿ ಇದೆ, ‘ಜೊನ್ಸೆ’ ಅಂತ. ಅಲ್ಲಿ 2022ರಲ್ಲಿ ಬಡ್ಡಿ ಏರಿ ಮನೆ ಬೆಲೆ ಬಿದ್ದಾಗ ಸಾವಿರಾರು ಜನರ ಠೇವಣಿ ಸಿಕ್ಕಿಹಾಕಿಕೊಳ್ತು. ವಂಚನೆಗಳೂ ಹೊರಬಂದವು, 2023ರಲ್ಲಿ ಸಂತ್ರಸ್ತರಿಗಾಗಿ ವಿಶೇಷ ಕಾನೂನೇ ಬಂತು. ನಮ್ಮಲ್ಲಿ? 1882ರ ಕಾಯ್ದೆಯ ಪ್ರಕಾರ 100 ರೂಪಾಯಿ ಮೇಲ್ಪಟ್ಟ ಇಂಥ ಅಡಮಾನ ನೋಂದಣಿ ಆಗಲೇಬೇಕು. ನಮ್ಮ ಕೈಲಿದ್ದದ್ದು ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿ ನೋಟರಿ ಸೀಲ್ ಹಾಕಿಸಿದ 11 ತಿಂಗಳ ಲೀಸ್ ಅಗ್ರಿಮೆಂಟ್. ಅದು ಇಸಿಯಲ್ಲಿ ಕಾಣಲ್ಲ. ಅದೇ ಮನೆ ಮೇಲೆ ಓನರ್ ಬ್ಯಾಂಕ್ ಸಾಲ ಮಾಡಿ, ಕಟ್ಟದೆ ಹೋದ್ರೆ, 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಕೊಟ್ಟು ಬ್ಯಾಂಕ್ ಮನೆ ವಶಕ್ಕೆ ತಗೋಬಹುದು. ನೋಂದಣಿ ಇಲ್ಲದ ಭೋಗ್ಯದವನು ಬೀದಿಯಲ್ಲಿ ನಿಂತು ಅಗ್ರಿಮೆಂಟ್ ತೋರಿಸಬೇಕಾಗುತ್ತೆ. ಮನೆ ತಗೊಳ್ಳೋಕೆ ಮುಂಚೆ ಇಸಿ ಜೊತೆಗೆ ಸರ್ಸಾಯ್ ಜಾಲತಾಣದಲ್ಲೂ ಹುಡುಕಿ, ಬ್ಯಾಂಕ್ ಅಡಮಾನಗಳು ಅಲ್ಲಿ ದಾಖಲಾಗಿರ್ತವೆ.

ನಮ್ಮ ಅಪ್ಪನಿಗೆ ಕಾಯ್ದೆಯ ಕಲಮು ಗೊತ್ತಿರಲಿಲ್ಲ. ಆದ್ರೆ ಬೀಗದ ಕೈ ಕೊಡಬಾರದು ಅಂತ ಗೊತ್ತಿತ್ತು. ನಾವು ಬೇರೆ ಮನೆಗೆ ಹೋದ ಮೇಲೂ ಒಂದು ಮಂಚ, ಒಂದು ಗಾಡ್ರೇಜ್ ಬೀರು ಅಲ್ಲೇ ಇದ್ವು. ವಾರಕ್ಕೊಮ್ಮೆ ಅಪ್ಪ ಹೋಗಿ ಕಸ ಗುಡಿಸಿ ಬರ್ತಿದ್ರು. ಓನರ್ ಆಂಟಿ ಕಾಫಿ ಕೊಡ್ತಿದ್ರು, ದುಡ್ಡಿನ ಮಾತು ಇಬ್ರೂ ಎತ್ತುತ್ತಿರಲಿಲ್ಲ. ಹಣ ಮೂರು ಕಂತಲ್ಲಿ ಬಂತು, ಕೊನೇದು 2021ರ ಆಗಸ್ಟ್‌ನಲ್ಲಿ, ಹೊಸ ಸಂಸಾರ ಅಡ್ವಾನ್ಸ್ ಕೊಟ್ಟ ದಿನ. ಬ್ಯಾಂಕ್ ಮೆಸೇಜ್ ಬಂದಿದೆಯಾ ಅಂತ ನೋಡಿಕೊಂಡೇ ಅಪ್ಪ ಕೀ ಕೊಟ್ಟಿದ್ದು. ಬೀರು ಇಳಿಸುವಾಗ ಮೆಟ್ಟಿಲ ಮೇಲೆ ಆ ಹೊಸಬರು ಸಿಕ್ಕಿದ್ರು. ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಕಾವೇರಿ ನೀರು ದಿನಾ ಬರುತ್ತಾ?’