ಶಾಂತಿನಿಕೇತನದ ಚೀನಾ ಭವನ: ತಾನ್ ಯುನ್-ಶಾನ್ ಸಾಧನೆ

ವಿಶ್ವಭಾರತಿಯಲ್ಲಿ ಚೀನೀ ಅಧ್ಯಯನ ವಿಭಾಗವನ್ನು ಕಟ್ಟಿ ಬೆಳೆಸಿದ ಕೀರ್ತಿ ಚೀನಾದ ಹುನಾನ್ ಪ್ರಾಂತ್ಯದ ವಿದ್ವಾಂಸ ತಾನ್ ಯುನ್-ಶಾನ್ (1898–1983) ಅವರದು. ರವೀಂದ್ರನಾಥ ಟ್ಯಾಗೋರ್ ಅವರನ್ನು 1927ರಲ್ಲಿ ಭೇಟಿಯಾದ ಅವರು ಮರುವರ್ಷವೇ ಶಾಂತಿನಿಕೇತನಕ್ಕೆ ಬಂದರು. ಕವಿಗೆ ಕನಸಿತ್ತು, ಸಂಸ್ಥೆಯಲ್ಲಿ ಹಣವಿರಲಿಲ್ಲ. ತಾನ್ ಸ್ವದೇಶಕ್ಕೆ ಮರಳಿ ದೇಣಿಗೆಯನ್ನೂ ಗ್ರಂಥರಾಶಿಯನ್ನೂ ಸಂಗ್ರಹಿಸಿದರು. 1937ರ ಏಪ್ರಿಲ್ 14ರಂದು ಚೀನಾ ಭವನ ಉದ್ಘಾಟನೆಗೊಂಡಿತು.

ಇದು ಕೇವಲ ಭಾಷೆ ಕಲಿಸುವ ಶಾಲೆಯಾಗಿರಲಿಲ್ಲ. ಸಂಸ್ಕೃತ ಮೂಲ ಕಳೆದುಹೋಗಿ ಚೀನೀ ಅನುವಾದದಲ್ಲಷ್ಟೇ ಉಳಿದಿದ್ದ ಬೌದ್ಧ ಗ್ರಂಥಗಳ ಸಂಶೋಧನೆಯೂ ಇಲ್ಲಿ ನಡೆಯಿತು; ಭವನದ ನಿಜವಾದ ಹೆಗ್ಗಳಿಕೆ ಅದೇ.

1962ರ ಯುದ್ಧ ಈ ಕಾರ್ಯಕ್ಕೆ ಬಿದ್ದ ದೊಡ್ಡ ಪೆಟ್ಟು. ಆದರೂ ತಾನ್ ಭಾರತ ತೊರೆಯಲಿಲ್ಲ, ಬೋಧಗಯೆಯಲ್ಲಿ ನಿಧನರಾದರು. ಪುತ್ರ ತಾನ್ ಚುಂಗ್ ದೆಹಲಿ ಹಾಗೂ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯಗಳಲ್ಲಿ ಚೀನೀ ಅಧ್ಯಯನವನ್ನು ಬೆಳೆಸಿ, 2010ರಲ್ಲಿ ಪದ್ಮಭೂಷಣ ಪುರಸ್ಕಾರಕ್ಕೆ ಪಾತ್ರರಾದರು.